ರಾಯಭಾರಿಯ ಕೈ

ಐವತ್ತರ ದಶಕದ ಕೊನೆಯಲ್ಲಿ ಪತ್ರಿಕೆ ತೆರೆದರೆ ರಾಯಭಾರಿಗಳದ್ದೇ ಕಾರುಬಾರು. ಕೋಟು ತೊಟ್ಟು ವಿಮಾನದ ಮೆಟ್ಟಿಲಿಳಿಯುವವರು, ನಗುತ್ತ ಕೈಕುಲುಕುವವರು. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಆ ಪದವನ್ನು ಬಿಡಿಸಿ ಹೇಳಿದ್ದರು: ರಾಯ ಎಂದರೆ ದೊರೆ, ಅವನ ಭಾರ ಹೊತ್ತವನು ರಾಯಭಾರಿ. ಪುರಾಣದಲ್ಲಿ ದೂತ, ನವಾಬರ ಕಾಲದಲ್ಲಿ ವಕೀಲ. ಆ ವಕೀಲ ಆಮೇಲೆ ಕೋರ್ಟು ಸೇರಿಕೊಂಡ. "ರಾಯಭಾರಿಯ ಕೈ ಅಂದರೆ ಕಳಿಸಿದವನ ಕೈ. ಅವನು ಒಪ್ಪಿದರೆ ದೊರೆಯೇ ಒಪ್ಪಿದ ಹಾಗೆ" ಎಂದಿದ್ದರು. ಪರೀಕ್ಷೆಯಲ್ಲಿ ನಾನು ಹಾಗೇ ಬರೆದು ಬಂದೆ.

ಕ್ಯಾಸಂಬಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ದೊರೆಗಳಿಲ್ಲದಿದ್ದರೂ ರಾಯಭಾರಕ್ಕೆ ಬರವಿರಲಿಲ್ಲ. ಹೆಣ್ಣು ಕೇಳಲು, ಮುನಿದವರನ್ನು ಕೂಡಿಸಲು ಯಾರಾದರೂ ಹೋಗಲೇಬೇಕು. ನನ್ನ ಅಕ್ಕನನ್ನು ಗಂಡನ ಮನೆಯವರು ಹೊರಗೆ ಹಾಕಿ, ಮಗುವನ್ನು ತಮ್ಮೂರು ಕಾಮಸಮುದ್ರದಲ್ಲೇ ಇಟ್ಟುಕೊಂಡಾಗ ಸೋದರಮಾವನನ್ನು ಕಳಿಸಿದೆವು. ಮಾವ ಚಿಕ್ಕಂದಿನಲ್ಲೇ ನಂದಿದುರ್ಗವೆಂಬ ಚಿನ್ನದ ಗಣಿಯ ತಮಿಳು ಕೂಲಿಗಳ ಲೈನುಮನೆ ಸೇರಿ ಅರ್ಧ ತಮಿಳನಾಗಿದ್ದ. ಷರಟು ಹಾಕುತ್ತಿದ್ದ, ನಾಲ್ಕು ಜನರೆದುರು ಮಾತಾಡಬಲ್ಲವನಾಗಿದ್ದ. ಅಷ್ಟು ಸಾಕೆಂದುಕೊಂಡೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

"ಮಗೂನ ಕರ್ಕಂಡ್ ಬಾ ಮಾವ. ಬ್ಯಾರೆ ಏನೂ ಕೇಳ್ಬ್ಯಾಡ" ಎಂದಳು ಅಕ್ಕ.

ಸಂಜೆಯ ಬಸ್ಸಿನಿಂದ ಮಾವ ಒಬ್ಬನೇ ಇಳಿದ. ಆದರೂ ಮುಖದಲ್ಲಿ ಗೆಲುವಿತ್ತು.

"ಬಲೇ ಮರ್ಯಾದೆ ಮಾಡುದ್ರು ಕಣಮ್ಮಾ. ಕಾಲಿಗೆ ನೀರು ಕೊಟ್ರು, ಊಟ ಆಕುದ್ರು. ಮಗೂ ಮಾತು ಆಮ್ಯಾಲೆ ಆಡಾನ ಅಂದ್ರು. ಒಂಟಾಗ ಊರೋರ್ ಮುಂದೆ ಎಲೆ ಅಡಿಕೆನೂ ಕೊಟ್ರು." ಜೇಬಿನಿಂದ ತೆಗೆದು ತೋರಿಸಿದ.

ನಮ್ಮವರಲ್ಲಿ ಜಗಳವಿರುವ ಮನೆಯವರು ಊರವರೆದುರು ಎಲೆ ಕೊಟ್ಟರೆಂದರೆ ಸಂಬಂಧ ಅಲ್ಲಿಗೆ ಮುಗಿಯಿತು, ಮಗು ಗಂಡನ ಮನೆಗೆ ಸೇರಿತು ಎಂದೇ ಅರ್ಥ. ತೆಗೆದುಕೊಂಡವನು ಅದಕ್ಕೆ ಒಪ್ಪಿದಂತೆ. ಲೈನುಮನೆಯಲ್ಲಿ ಬೆಳೆದ ಮಾವನಿಗೆ ಎಲೆ ಅಡಿಕೆ ಬರೀ ಉಪಚಾರ.

"ಎಲೆ ಇಸ್ಕಂಬುಟ್ಯಾ ಮಾವ?" ಎಂದಳು ಅಕ್ಕ.

"ಎರಡು ಕೈಲೂ ಇಸ್ಕಂಡೆ. ಬ್ಯಾಡ ಅಂದ್ರೆ ಏನಂದ್ಕತಾರೆ?"

ಮರುದಿನ ಅಪ್ಪ ಹೋಗಿ ಬೀಗರ ಕಾಲು ಹಿಡಿದರೂ ಪ್ರಯೋಜನವಾಗಲಿಲ್ಲ. "ನಿಮ್ ರಾಯಬಾರಿ ಎಲೆ ಇಸ್ಕಂಡಾಯ್ತಲ್ಲ" ಎಂದು ಅವರು ಬಾಗಿಲು ಹಾಕಿಕೊಂಡರಂತೆ. ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಅಕ್ಕ ಆ ಮಗುವನ್ನು ಮತ್ತೆ ನೋಡಲೇ ಇಲ್ಲ.