ಸಿಂಹ ಬರೆದವಳು ನಾನು

ನಮ್ಮ ಮನೆತನದ ಲಾಂಛನದಲ್ಲಿ ಸಿಂಹ ಇರಲಿಲ್ಲ. ಅದನ್ನು ಬರೆದವಳು ನಾನು — ಹದಿನಾಲ್ಕು ವರ್ಷದ ಹಿಂದೆ, ಅಣ್ಣನ ಲಗ್ನಪತ್ರಿಕೆಗೆಂದು. ಬರೆದದ್ದಷ್ಟೇ ಆಗಿದ್ದರೆ... ಇಲ್ಲ, ಅದರ ಮೇಲೊಂದು ಸುಳ್ಳನ್ನೂ ಹೇಳಿದೆ.

ತಂಗಡಗಿಯ ಆಚೆ, ಕೃಷ್ಣೆಯ ದಂಡೆಯ ಸಣ್ಣದೊಂದು ಸಂಸ್ಥಾನ ನಮ್ಮದು. ಸಂಸ್ಥಾನ ಹೋಗಿ ಎಷ್ಟೋ ಕಾಲವಾಯಿತು. ಉಳಿದದ್ದು ನಮ್ಮ ಹಳೆಯ ದೊಡ್ಡಮನೆಯಾದ ವಾಡೆ, ಮತ್ತೆ ಅದರ ಬಾಗಿಲ ಮೇಲಿನ ಸವೆದ ಕಲ್ಲಿನ ಲಾಂಛನ — ಒಂದು ಕತ್ತಿ, ಪಕ್ಕದಲ್ಲಿ ಮಡಚಿಟ್ಟ ಕಂಬಳಿ. ವೈರಿಗಳು ಬೆನ್ನಟ್ಟಿದಾಗ ನಮ್ಮ ಮೂಲಪುರುಷನನ್ನು ಕುರಿ ಕಾಯುವ ಹೆಣ್ಣುಮಗಳೊಬ್ಬಳು ತನ್ನ ಕಂಬಳಿಯೊಳಗೆ ಅಡಗಿಸಿ ಉಳಿಸಿದ್ದಳಂತೆ. ಆ ಋಣಕ್ಕೆ, ವಾಡೆಯ ಪ್ರತಿ ಮದುವೆಯಲ್ಲೂ ವರನಿಗೆ ಮೊದಲು ಕಂಬಳಿ ಹೊದಿಸುವ ಮಾನ ಅವಳ ಮನೆತನದ್ದು. ನಮ್ಮ ಕಾಲಕ್ಕೆ ಅದು ಮಾಳವ್ವನದು. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಆ ಕಲ್ಲು ಮುಟ್ಟಿಸಿ ಕಥೆ ಹೇಳಿದವಳೂ ಅವಳೇ.

ಅಣ್ಣನಿಗೆ ಹೆಣ್ಣು ಕೊಟ್ಟವರು ಮಹಾರಾಷ್ಟ್ರದ ಕಡೆಯ ದೊಡ್ಡ ಸಂಸ್ಥಾನಿಕರು. ಅವರ ಲಾಂಛನದಲ್ಲಿ ಆನೆಯಿತ್ತು, ಕಿರೀಟವಿತ್ತು. ನಮ್ಮ ಕಂಬಳಿ ಅಣ್ಣನಿಗೆ ನಾಚಿಕೆ ತಂದಿತು. ಸಿಂಹ ಬರೆ ಎಂದ. ಚಿತ್ರಕಲೆ ಕಲಿತವಳು — ಬರೆದೆ. ಬಾಗಿಲ ಕಲ್ಲಿನ ಮೇಲೂ ಗಾರೆ ಮೆತ್ತಿಸಿ ಅದೇ ಸಿಂಹವನ್ನು ಕೂರಿಸಿದ. ಅಪ್ಪನ ಮದುವೆಯ ನಂತರ ವಾಡೆಯಲ್ಲಿ ಮದುವೆಯೇ ಆಗಿರಲಿಲ್ಲ. ಕಲ್ಲು ಎಷ್ಟು ಸವೆದಿತ್ತೆಂದರೆ ಅದು ಕಂಬಳಿ ಎಂದು ಯಾರಾದರೂ ಹೇಳಿದರಷ್ಟೇ ತಿಳಿಯುತ್ತಿತ್ತು; ಅಪ್ಪ, ಅವ್ವ ಆಗಲೇ ಇರಲಿಲ್ಲ, ಮಾಳವ್ವನ ಹೊರತು ಹಳೆಯದನ್ನು ಬಲ್ಲವರು ಊರಲ್ಲಿ ಉಳಿದಿರಲಿಲ್ಲ. ಬೀಗರ ಮನೆಯ ಅಜ್ಜ ಪತ್ರಿಕೆ ನೋಡಿ, ಸಿಂಹ ಬರೆದ ಕೈ ಯಾರದು ಎಂದು ಮೆಚ್ಚಿ ಕೇಳಿದ್ದರು. ಆ ಒಂದು ಮಾತಿಗೆ ನಾನು ಹಿಗ್ಗಿದ್ದು — ಈಗ ನೆನೆದರೆ ಅಸಹ್ಯವಾಗುತ್ತದೆ.

ಮದುವೆಯ ದಿನ ಮಾಳವ್ವ ಹೊಸ ಕಂಬಳಿ ಹಿಡಿದು ಅಣ್ಣನ ಹತ್ತಿರ ಬಂದಳು. ಇದೆಲ್ಲಿಯ ಪದ್ಧತಿ ಎಂದು ಬೀಗರ ಕಡೆಯವರು ತಡೆದರು. ಅವಳು ಗಾಬರಿಯಾಗಲಿಲ್ಲ, ನನ್ನ ಕಡೆ ಕೈ ತೋರಿಸಿದಳು.

“ಕಲ್ಲಿನ್ಯಾಗ ನಮ್ಮ ಕಂಬಳಿ ಇತ್ತರಿ. ಸಣ್ಣ ಅಕ್ಕಾರನ್ನ ಕೇಳ್ರಿ, ಅವರು ಸುಳ್ಳ ಹೇಳಂಗಿಲ್ಲ.”

ಎಲ್ಲರೂ ನನ್ನತ್ತ ತಿರುಗಿದರು. ಆ ಅಜ್ಜನೂ.

“ಇಲ್ಲರಿ,” ಎಂದೆ. “ನಮ್ಮ ಲಾಂಛನದಾಗ ಮೊದಲಿಂದಾನೂ ಸಿಂಹಾನ ಐತಿ.”

ಅಣ್ಣ ಹೆದರಿಸಿರಲಿಲ್ಲ. ಯಾರೂ ಒತ್ತಾಯಿಸಿರಲಿಲ್ಲ. ಮಾಳವ್ವ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು — ತನಗೇ ತಪ್ಪು ಕೇಳಿಸಿತೇನೋ ಎಂಬಂತೆ. ಆಮೇಲೆ ಊಟಕ್ಕೂ ನಿಲ್ಲದೆ ಹೋದಳು. ಮತ್ತೆಂದೂ ವಾಡೆಗೆ ಬರಲಿಲ್ಲ. ಇಲ್ಲದ ಮಾನ ಕೇಳಲು ಹೋಗಿದ್ದಳೆಂದು ಊರವರು ಅವಳನ್ನು ಆಡಿಕೊಂಡು ನಗುತ್ತಿದ್ದರು. ನನ್ನ ಕಿವಿಗೂ ಬೀಳುತ್ತಿತ್ತು. ಸುಮ್ಮನಿದ್ದೆ.

ಹೋದ ವರ್ಷ ಅವಳು ತೀರಿಕೊಂಡಳು. ಮಗಳು ಯಲ್ಲವ್ವ ಬಸವನ ಬಾಗೇವಾಡಿಯಲ್ಲಿ ನರ್ಸ್. ಕಳೆದ ತಿಂಗಳು ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ — ಬಯ್ದರೆ ಹಗುರವಾದೇನು ಎಂದೂ... ಅವಳು ಬಯ್ಯಲಿಲ್ಲ.

“ಊರಾಗ ನಗತಾರ, ಆ ಸುಳ್ಳ ಇನ್ನ ಹೇಳಬ್ಯಾಡ ಅಂತ ನಾನೇ ಅವ್ವನ ಬಾಯಿ ಮುಚ್ಚಿಸಿದ್ನಿ,” ಎಂದಳು. “ಸಾಯೋತನಕ ಆಕಿ ಮತ್ತ ಆ ಮಾತ ಎತ್ತಲಿಲ್ಲ. ನೀವಿನ್ನ ಹೋಗ್ರಿ.”

ಇದನ್ನು ನನ್ನ ಹೆಸರಿನಲ್ಲೇ ಅಚ್ಚಿಗೆ ಕೊಡುತ್ತಿದ್ದೇನೆ. ಅಣ್ಣ ಓದಿದ; ಇನ್ನು ವಾಡೆಯ ಹೊಸ್ತಿಲು ತುಳಿಯಬೇಡ ಎಂದ. ತುಳಿಯುವುದಿಲ್ಲ. ಯಲ್ಲವ್ವನ ಮನೆಗೂ ಮತ್ತೆ ಹೋಗುವುದಿಲ್ಲ — ಅವಳಲ್ಲಿ ಕ್ಷಮೆ ಬೇಡುವುದೂ ಅವಳ ಮೇಲೆ ಇನ್ನೊಂದು ಹೊರೆ.