ಅಪ್ಪನ ಎಲೆಗೊಂದು ಹಸಿಮೆಣಸಿನಕಾಯಿ

ನಿಮ್ಮ ಮನೆಯಲ್ಲೂ ಹೀಗೆಯೋ ಏನೋ, ವಿಜಯನಗರದ ನಮ್ಮ ಮನೆಯಲ್ಲಿ ತಿಥಿಯ ದಿನ ಬೆಳಿಗ್ಗೆ ಅಡುಗೆಮನೆಯಿಂದ ಮೊದಲು ಹೊರಬೀಳುವುದು ಹಸಿಮೆಣಸಿನಕಾಯಿಯ ಬುಟ್ಟಿ. ಅದರ ಬೆನ್ನಿಗೇ ಆಲೂಗಡ್ಡೆ, ಟೊಮೆಟೊ, ಎಲೆಕೋಸುಗಳೂ ಬಾಲ್ಕನಿಗೆ ಗಡೀಪಾರಾಗುತ್ತವೆ. ಹಿರಿಯರು ಕಂಡರಿಯದ್ದು ಹಿರಿಯರ ಎಲೆಗೆ ಸಲ್ಲದು. ಅವತ್ತು ಖಾರವೆಂದರೆ ಕರಿಮೆಣಸು ಮಾತ್ರ.

ಈಚೆಗೆ ನನಗೊಂದು ಹುಚ್ಚು ಹಿಡಿದಿದೆ. ಶತಮಾನಗಳ ಹಿಂದೆ ಆಫ್ರಿಕಾದ ತುದಿಯನ್ನು ಬಳಸಿ ಕಲ್ಲಿಕೋಟೆಗೆ ಬಂದಿಳಿದ ಆ ಪೋರ್ಚುಗೀಸ್ ನಾವಿಕನ ಜಾಡಿನಲ್ಲೇ ಹಾಯಿದೋಣಿ ನಡೆಸುತ್ತಿರುವ ಗಂಡಹೆಂಡಿರನ್ನು, ಮೆಟ್ರೊದಲ್ಲಿ ಕೂತು, ಫೋನಿನಲ್ಲಿ ಹಿಂಬಾಲಿಸುವುದು. ಸಮುದ್ರ ಕಂಡರೆ ದೂರ ಸರಿಯುವ ನನಗೆ ಇದಕ್ಕಿಂತ ಸುಖದ ಯಾನವಿಲ್ಲ. ಆ ನಾವಿಕ ಬಂದದ್ದು ಕರಿಮೆಣಸಿಗಾಗಿ. ಅವನ ಹಿಂದೆ ಬಂದ ಹಡಗುಗಳು ಫಿರಂಗಿ ತಂದವು, ಕೋಟೆ ಕಟ್ಟಿದವು, ಕರಾವಳಿಯವರನ್ನು ಕಣ್ಣೀರಿನಲ್ಲಿ ಕೈತೊಳೆಸಿದವು. ಮೆಣಸಿನಕಾಯಿಯನ್ನು ತಂದದ್ದೂ ಅವೇ. ಆ ಲೂಟಿ ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಆದರೆ ಸಿಟ್ಟು ಮಾಡಿಕೊಂಡು ಉಣ್ಣಲು ಕೂತರೆ ಸಾರಿನ ಖಾರವೂ ಅವರ ಹಡಗಿನದೇ! ತಿಥಿಯ ಒಂದು ದಿನ ಮಾತ್ರ ನಾವು ಆ ಹಡಗು ಬರುವುದಕ್ಕೆ ಮುಂಚಿನ ಕಾಲಕ್ಕೆ ಹಿಂತಿರುಗುತ್ತೇವೆ.

ಈ ಸಲ ಹಿಂತಿರುಗಲು ನನ್ನ ಮನಸ್ಸು ಒಪ್ಪಲಿಲ್ಲ. ಅದು ಅಪ್ಪನ ಮೊದಲ ತಿಥಿ. ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ನಡೆಸಿ ಮನೆಗೆ ಬರುತ್ತಿದ್ದ ಅಪ್ಪ ಮೊಸರನ್ನಕ್ಕೆ ಹಸಿಮೆಣಸಿನಕಾಯಿ ಕಚ್ಚಿಕೊಳ್ಳದೆ ಎದ್ದವರೇ ಅಲ್ಲ; ಒಂದನ್ನು ಮುಗಿಸಿ, ಮುಖ ಒರೆಸಿಕೊಂಡು, "ಇನ್ನೊಂದು ಇದ್ಯಾ?" ಎನ್ನುತ್ತಿದ್ದರು. ಅಂಥವರನ್ನು ಕರೆದು ಅರೆಹೊಟ್ಟೆಯಲ್ಲಿ ಕಳಿಸುವುದೇ? ಅಪ್ಪನ ಅಕ್ಕ, ನಮ್ಮ ಅತ್ತೆ, ಮಡಿಯುಟ್ಟು ಒಲೆಯ ಮುಂದಿದ್ದರು. ಶಾಸ್ತ್ರದ ವಿಷಯದಲ್ಲಿ ಅವರ ಮಾತೆಂದರೆ ಮಾತು. ಅಪ್ಪನ ಎಲೆಗೆ ಒಂದು ಹಸಿಮೆಣಸಿನಕಾಯಿ ಬಡಿಸಬಹುದೇ ಎಂದು ಹೆದರುತ್ತಲೇ ಕೇಳಿದೆ.

"ಎಲ್ಲಿಂದ್ಲೋ ಬಂದಿದ್ದನ್ನ ಎಲೆಗೆ ಬಡಿಸೋ ಹಾಗಿಲ್ಲ ಕಣೋ," ಎಂದರು. ಸಪ್ಪೆ ಮುಖ ಮಾಡಿ ಹೊರಟವನನ್ನು ಅವರೇ ಮತ್ತೆ ಕರೆದರು. "ಮಹಡಿ ಮೇಲೆ ಕುಂಡದಲ್ಲಿ ನಿಮ್ಮಪ್ಪ ಒಂದು ಮೆಣಸಿನಕಾಯಿ ಗಿಡ ಹಾಕಿದ್ನಲ್ಲ, ಅದೆಲ್ಲಿಂದ ಬಂತು? ಅವನೇ ಬಿತ್ತಿದ್ದು, ಅವನೇ ನೀರು ಹಾಕಿದ್ದು. ಹೋಗಿ ಒಂದು ಕಿತ್ಕೊಂಡ್ ಬಾ."

ಕೊಳ್ಳೆ ಹೊಡೆದವರ ಪಾಪ ಅವರ ತಲೆಗೇ ಇರಲಿ; ಗಿಡ ಮಾತ್ರ ನೀರೆರೆದವರದ್ದು. ಹಾಗಂದುಕೊಂಡಾಗ ನನ್ನ ಹಳೆಯ ಸಿಟ್ಟು ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲಿ ಒಂದಿಷ್ಟು ಸಂತೋಷಕ್ಕೂ ಜಾಗವಾಯಿತು. ಕಿತ್ತು ತಂದ ಮೆಣಸಿನಕಾಯಿಯನ್ನು ತೊಳೆದು ಅತ್ತೆಯ ಕೈಗೆ ಕೊಟ್ಟೆ.

ಅಪ್ಪನ ಸ್ಥಾನದಲ್ಲಿ ಊಟಕ್ಕೆ ಕೂತ ವೃದ್ಧ ಬ್ರಾಹ್ಮಣರು ಎಲೆಯ ಅಂಚಿನಲ್ಲಿದ್ದ ಅದನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. ಅವರು ಮೊಸರನ್ನ ಕಲಸಿ, ಮೆಣಸಿನಕಾಯಿ ಕಚ್ಚಿ, ಕಣ್ಣಲ್ಲೂರಿದ ನೀರನ್ನು ಶಲ್ಯದಿಂದ ಒರೆಸಿಕೊಂಡರು. ಆಮೇಲೆ, ಮೌನವಾಗಿ ಉಣ್ಣಬೇಕಾದ ಆ ಹಿರಿಯರು ಮೆಲ್ಲಗೆ ಬಾಯಿಬಿಟ್ಟರು: "ಇನ್ನೊಂದು ಇದ್ಯೇನಮ್ಮಾ?"

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬಾಲ್ಕನಿಯಲ್ಲಿದ್ದ ಬುಟ್ಟಿಯನ್ನು ದಾಟಿ ನಾನು ಮಹಡಿಗೆ, ಅಪ್ಪನ ಗಿಡದ ಬಳಿಗೆ ಓಡಿದೆ.