ಗೇಟಿನ ಬಳಿ ನನ್ನ ನಾಡಿ ಹಿಡಿದವಳು

ಇದನ್ನು ಬರೆಯಬೇಕೆಂದುಕೊಂಡು ಎರಡು ವರ್ಷವಾಯಿತು. ಬಾಯಿಬಿಟ್ಟು ಹೇಳಬೇಕಾಗಿದ್ದುದು ಅದಕ್ಕಿಂತ ಎಷ್ಟೋ ಮೊದಲು, ನಾನಿನ್ನೂ ಇಪ್ಪತ್ತಾರರ ಯುವಕನಾಗಿದ್ದಾಗ. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಮೊದಲು ತಂಗಿಯ ಮದುವೆ, ಆಮೇಲೆ ಮಗನ ಓದು, ಆಮೇಲೆ ಕಣ್ಣಿನ ಪೊರೆ. ಈಗ ನೆಪಗಳೆಲ್ಲ ಮುಗಿದಿವೆ. ನಾನು ಹೋಟೆಲಿನಲ್ಲಿ ಕೆಲಸ ಮಾಡಿಕೊಂಡು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು, ಬರವಣಿಗೆ ನನ್ನ ಕಸುಬಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಇಂಥ ಸಂಗತಿಗಳಲ್ಲಿ ನನಗೆ ನಂಬಿಕೆ ಇರಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಜೋಗೇಶ್ವರಿಯ ಒಂದು ಸಣ್ಣ ಔಷಧ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಾಟಲಿಗಳಿಗೆ ಲೇಬಲ್ ಅಂಟಿಸಿದವನು ನಾನು. ಹಿಂದಿನ ಗೋದಾಮಿನಲ್ಲಿ ದೆವ್ವವಿದೆ ಎಂದು ಜೊತೆಯವರು ಹೆದರಿಸಿದರೆ, "ಮುಂಬಯಿಯಲ್ಲಿ ಬದುಕಿದ್ದವರಿಗೇ ಖೋಲಿ ಸಿಗುವುದಿಲ್ಲ, ಸತ್ತವರಿಗೆ ಯಾರು ಕೊಟ್ಟರು?" ಎಂದು ನಗುತ್ತಿದ್ದೆ.

ನಮ್ಮದು ಕುಂದಾಪುರದ ಕಡೆಯ ಮನೆತನ. ನಮ್ಮಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ, ಹಾಗಾಗಿ ಅಮ್ಮನ ಸೋದರಮಾವನೆಂದರೆ ಮನೆಗೇ ಹಿರಿಯ. ಅಮ್ಮನ ಸೋದರಮಾವ ಶೀನಪ್ಪ ಎಂಬವರು ಡಾಕ್ಟರು. ಮದ್ರಾಸಿನಲ್ಲಿ ಕಲಿತು, ಮುಂಬಯಿಯಿಂದ ಹಡಗು ಹತ್ತಿ ಆಫ್ರಿಕಾದ ಮೊಂಬಾಸಾಕ್ಕೆ ಹೋದರಂತೆ. ಅಮ್ಮನಿಗೆ ಆಗ ನಾಲ್ಕೋ ಐದೋ ವರ್ಷ. ಅವರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದ್ದು ಅವಳಿಗೆ ನೆನಪಿತ್ತು. ಕೆಲವು ವರ್ಷ ಕಾಗದ ಬಂತು, ಆಮೇಲೆ ನಿಂತಿತು. ಅಲ್ಲಿ ಯಾವಳನ್ನೋ ಕಟ್ಟಿಕೊಂಡು ಮನೆಯನ್ನು ಮರೆತ ಎಂದು ಊರಿನವರು ಆಡಿಕೊಂಡರು. ನಮ್ಮ ಮನೆಯವರೂ ಅದನ್ನೇ ನಂಬಿದರು. ಅಮ್ಮ ಮಾತ್ರ ನಂಬಲಿಲ್ಲ.

ವರ್ಷಕ್ಕೊಮ್ಮೆ ನಾವು ಹಿರಿಯರಿಗೆ ಎಲೆ ಹಾಕಿ ಬಡಿಸುತ್ತೇವೆ. ತೀರಿಕೊಂಡವರ ಹೆಸರು ಒಂದೊಂದಾಗಿ ಹೇಳಿ ಕರೆದು, ಬಾಗಿಲು ಎಳೆದುಕೊಂಡು, ಸ್ವಲ್ಪ ಹೊತ್ತು ಹೊರಗೆ ಕೂರುವ ಕ್ರಮ. ಅಪ್ಪ ಹೋದ ಮೇಲೆ ಅಮ್ಮ ಮತ್ತು ತಂಗಿ ನನ್ನ ಜೊತೆ ಬೊರಿವಲಿಯ ಒಂದೇ ಕೋಣೆಯ ಖೋಲಿಗೆ ಬಂದರು. ಅಲ್ಲಿಯೂ ಅಮ್ಮ ಇದನ್ನು ಬಿಡಲಿಲ್ಲ. ಪ್ರತಿ ವರ್ಷ ಒಂದು ಎಲೆ ಹೆಚ್ಚು ತೊಳೆದು, ಅದನ್ನು ಮಾತ್ರ ಮಗುಚಿ ಗೋಡೆಗೆ ಒರಗಿಸಿ ಇಡುತ್ತಿದ್ದಳು.

"ಅದ್ ಯಾಕೆ ಹಾಗೆ ಇಡ್ತೆ? ಹಾಕ್ ಬಿಡ್" ಎಂದು ನಾನು ಚುಡಾಯಿಸಿದರೆ, "ಇದ್ರೊ ಇಲ್ಯೊ ಗೊತ್ತಿಲ್ದೆ ಹಾಕುಕೆ ಆತ್ತಾ ಮಗಾ? ಇದ್ದ್ ಜೀವಕ್ಕೆ ಎಲಿ ಹಾಕ್ರೆ ಪಾಪ ಅಲ್ದಾ?" ಎನ್ನುತ್ತಿದ್ದಳು. ಮಾವ ಬದುಕಿದ್ದಾರೋ ಇಲ್ಲವೋ, ಅಷ್ಟು ತಿಳಿದರೆ ಸಾಕು ಎಂಬುದೊಂದೇ ಅವಳ ಆಸೆಯಾಗಿತ್ತು.

ಇನ್ನು ಆ ದಿನದ ವಿಷಯ. ಮಧ್ಯಾಹ್ನ ಮೂರೂವರೆಗೆ ಪಾಳಿ ಬಿಟ್ಟಿತ್ತು. ಅರವತ್ತು ಜನ ಒಂದೇ ಸಲ ಗೇಟಿನಿಂದ ಹೊರಗೆ ಬಂದೆವು. ಎಲ್ಲರದೂ ಒಂದೇ ಖಾಕಿ ಅಂಗಿ, ಎಲ್ಲರ ಮೈಯಿಂದಲೂ ಒಂದೇ ಔಷಧದ ವಾಸನೆ. ನನ್ನ ಪಕ್ಕದಲ್ಲಿ ಸುಧಾಕರನಿದ್ದ, ನಮ್ಮ ಊರ ಕಡೆಯವನೇ. ಅವನ ಚಿಕ್ಕಪ್ಪನ ಮಗನಿಗೆ ನನ್ನ ತಂಗಿಯನ್ನು ಕೇಳಿದ್ದರು, ಮಾತು ಇನ್ನೂ ಮುಗಿದಿರಲಿಲ್ಲ.

ರಸ್ತೆಯ ಆಚೆಯಿಂದ ನಲವತ್ತರ ಆಸುಪಾಸಿನ ಒಬ್ಬಳು ಹೆಂಗಸು ನೇರವಾಗಿ ನಮ್ಮತ್ತ ಬಂದಳು. ಒಂಬತ್ತು ಗಜದ ಮಾಸಿದ ಸೀರೆ, ಮುಖದ ತುಂಬ ಸಿಡುಬಿನ ಕಲೆ. ಒಂದು ಕೈಯಲ್ಲಿ ಮಡಚಿದ ಕೊಡೆ, ಕಂಕುಳಲ್ಲಿ ಬಟ್ಟೆಯ ಗಂಟು. ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಮುಂದೆ ನಿಂತಳು. ಒಂದು ಮಾತೂ ಆಡದೆ ನನ್ನ ಬಲಗೈ ಹಿಡಿದು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ನಾನು ಗಾಬರಿಯಾಗಿ ಹಾಗೇ ನಿಂತುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಮುಖ ಅರಳಿತು.

"ಚಾರ್, ಆಣಿ ಮಗ್ ಏಕ್ ನಾಹೀ" ಎಂದಳು. ನಾಲ್ಕು ಬಡಿತ, ಆಮೇಲೆ ಒಂದು ಇಲ್ಲ. ಅದಾದ ಮೇಲೆ ಕುಂದಾಪುರದ ನಮ್ಮ ಮನೆಯ ಭಾಷೆಯಲ್ಲಿ, ಆದರೆ ಮರಾಠಿಯ ಎಳೆತದಲ್ಲಿ, "ನೀ ಡಾಕ್ಟ್ರ ಮನಿ ಹೈದ ಅಲ್ದಾ?" ಎಂದು ಕೇಳಿದಳು.

ಡಾಕ್ಟರ್ ಶೀನಪ್ಪ ತೀರಿಹೋಗಿ ಹದಿಮೂರು ದಿನವಾಯಿತು, ಇಲ್ಲೇ ಜೋಗೇಶ್ವರಿಯ ಗುಹಾದೇವಾಲಯದ ಹತ್ತಿರದ ಚಾಳಿನಲ್ಲಿ ಇದ್ದರು, ಅವರ ಗಂಟು ತಂದಿದ್ದೇನೆ ಎಂದೆಲ್ಲ ಮರಾಠಿಯಲ್ಲಿ ಹೇಳುತ್ತಾ ಹೋದಳು. ಮಾತಾಡುವಾಗ ಅವಳ ನೋಟ ನನ್ನ ಮುಖದ ಮೇಲಿರದೆ ಹೆಗಲಿನಾಚೆ ಎಲ್ಲೋ ಇತ್ತು. ಅದನ್ನು ನಾನು ಸೊಕ್ಕು ಎಂದುಕೊಂಡೆ.

ಸುಧಾಕರ ನನ್ನ ಪಕ್ಕೆಗೆ ತಿವಿದ. "ಯಾರಾ ಮಾರಾಯ, ನಿನ್ನ ಹೊಸ ಅಜ್ಜಿಯಾ? ಊರಲ್ಲಿ ಹೇಳುಕೆ ಒಂದ್ ಸುದ್ದಿ ಆಯ್ತ್ ಕಾಣ್" ಎಂದ. ಹಿಂದಿನಿಂದ ಇಬ್ಬರು ಮೂವರು ನಕ್ಕರು. ತಂಗಿಯ ಮದುವೆ ಮುರಿದು ಬಿದ್ದಂತೆಯೇ ನನಗೆ ಕಂಡಿತು. ಊರವರು ಆಡಿಕೊಳ್ಳುತ್ತಿದ್ದ ಹೆಂಗಸು ಇವಳೇ ಇರಬೇಕು, ಸಂಬಂಧ ಹೇಳಿಕೊಂಡು ಮನೆಗೆ ಬರುತ್ತಾಳೆ ಎಂದು ಲೆಕ್ಕ ಹಾಕಿದೆ. ಕೈ ಕಿತ್ತುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ ಕೂಗಿದೆ. ನಮ್ಮ ಮನೆಯಲ್ಲಿ ಡಾಕ್ಟರ್ ಯಾರೂ ಹುಟ್ಟಿಲ್ಲ, ಬೀದಿಯವರ ಗಂಟು ಬೀದಿಯಲ್ಲೇ ಬಿಸಾಡು, ಇನ್ನೊಮ್ಮೆ ಕಂಡರೆ ಪೊಲೀಸರಿಗೆ ಹಿಡಿದುಕೊಡುತ್ತೇನೆ ಎಂದೆ.

ಅವಳು ಸಿಟ್ಟಾಗಲಿಲ್ಲ. ಗಂಟನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು, "ಆಯ್ತ್ ಮಗಾ. ನಾಡಿ ಒಮ್ಮೆ ಡಾಕ್ಟ್ರಿಗೆ ತೋರ್ಸ್" ಎಂದಷ್ಟೇ ಹೇಳಿ ತಿರುಗಿದಳು.

ತಂಗಿಯ ಮದುವೆ ಸುಧಾಕರನ ಮನೆಗೇ ಆಯಿತು. ಅಮ್ಮ ಅದಾದ ಮೇಲೆ ಮೂರು ವರ್ಷ ಬದುಕಿದಳು. ಮೂರು ವರ್ಷವೂ ಆ ಎಲೆಯನ್ನು ತೊಳೆದು ಮಗುಚಿ ಇಟ್ಟಳು. ಮಾವ ಇಲ್ಲ ಎಂಬುದು ನನಗೆ ಗೊತ್ತಿತ್ತು. "ಎಲೆ ಹಾಕು ಅಮ್ಮ, ಬಡಿಸು" ಎಂದರೆ ಸಾಕಿತ್ತು. ಹೇಗೆ ಗೊತ್ತಾಯಿತು ಎಂದು ಅವಳು ಕೇಳುತ್ತಾಳೆ, ಹೇಳಿದರೆ ಗೇಟಿನಲ್ಲಿ ನಾನು ಆಡಿದ ಮಾತೂ ಹೊರಗೆ ಬರುತ್ತದೆ. ಈ ವರ್ಷ ಬೇಡ, ಮುಂದಿನ ವರ್ಷ ಹೇಳೋಣ ಎಂದುಕೊಂಡೆ. ಒಂದು ಬೆಳಿಗ್ಗೆ ನೀರು ತುಂಬುತ್ತಿದ್ದವಳು ನಲ್ಲಿಯ ಬಳಿಯೇ ಕುಸಿದು ಹೋದಳು. ಅವಳು ಕಡೆಯದಾಗಿ ಮಗುಚಿಟ್ಟ ಎಲೆ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಬಹಳ ವರ್ಷ ಕಳೆದು, ಎರಡು ವರ್ಷದ ಹಿಂದೆ, ಅಂಧೇರಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ನಾನೂ ಅದೇ ರೀತಿ ಕುಸಿದೆ. ಗುರುತಿಲ್ಲದವರು ಎತ್ತಿ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಹೃದಯದ ಬಡಿತ ತಪ್ಪುತ್ತಿದೆ ಎಂದು ಡಾಕ್ಟರು ಎದೆಯೊಳಗೆ ಪೇಸ್‌ಮೇಕರ್ ಕೂರಿಸಿದರು. ಮನೆಗೆ ಕಳಿಸುವಾಗ, ಇದು ಮನೆತನದಲ್ಲಿ ಬಂದಿರಬಹುದು, ಹಿರಿಯರಲ್ಲಿ ಯಾರಿಗೆ ಇತ್ತು ವಿಚಾರಿಸಿ ಎಂದರು.

ಮೊಮ್ಮಗಳು ಅದಿತಿ ಒಂದು ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಬರೆಯಲು ಕೂತಳು. ಅವಳ ಕನ್ನಡ ತಡವರಿಸುತ್ತದೆ, ನಡುವೆ ಹಿಂದಿ ನುಗ್ಗುತ್ತದೆ. "ಅಜ್ಜ, ಬರೀ ನೇಮ್ ಬೇಡ. ಯಾರು ಕೈಸೆ ಹೋದ್ರು, ಅದು ಬೇಕು. ನಾಳೆ ಪಪ್ಪಾಗೆ ಹೀಗೆ ಆದ್ರೆ?" ಎಂದಳು. ಅಮ್ಮನ ಮೇಲೆ ಅಜ್ಜಿ, ಅಜ್ಜಿಯ ಪಕ್ಕದಲ್ಲಿ ಶೀನಪ್ಪ ಡಾಕ್ಟರು. ಆ ಹೆಸರಿನ ಮುಂದೆ ಅವಳು ಪ್ರಶ್ನೆಯ ಗುರುತು ಹಾಕಿ, ಆಫ್ರಿಕಾದಲ್ಲಿ ಯಾರನ್ನು ಕೇಳುವುದು ಎಂದು ಯೋಚಿಸತೊಡಗಿದಳು. ಕಡಲಾಚೆ ಹುಡುಕಬೇಕಿಲ್ಲ, ಜೋಗೇಶ್ವರಿಗೆ ಹೋದರೆ ಸಾಕು ಎಂದು ಆಗ ನನ್ನ ಬಾಯಿಂದ ಬಂತು. ಗೇಟಿನ ಕಥೆಯನ್ನು ಜೀವಮಾನದಲ್ಲಿ ಮೊದಲ ಸಲ ಹೇಳಿದ್ದು ಆ ಮಗುವಿಗೆ.

ಮರುದಿನವೇ ಅವಳು ನನ್ನನ್ನು ಕರೆದುಕೊಂಡು ಹೋದಳು. ಗುಹೆಯ ಸುತ್ತಮುತ್ತ ವಿಚಾರಿಸುತ್ತಾ ಹೋಗಿ ಒಂದು ಚಾಳಿನ ಕೊನೆಯ ಖೋಲಿ ತಲುಪಿದೆವು. ಅಲ್ಲಿದ್ದವಳು ವಿಜಯಪುರದ ಕಡೆಯ ನೀಲವ್ವ, ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವಳು, ಮದುವೆಯಾಗಿ ಆ ಚಾಳಿಗೆ ಬಂದವಳು. ಗೋಡೆಯ ಮೇಲೆ ದೇವರ ಪಟಗಳ ನಡುವೆ, ಕೋಟು ಹಾಕಿದ ಒಬ್ಬ ಮುದುಕರ ಫೋಟೋ ಇತ್ತು. ಅದಕ್ಕೆ ಅವತ್ತಿನ ಹೂವು ಮುಡಿಸಿತ್ತು.

"ಡಾಕ್ಟರ್ ಮನಿಯವ್ರಾ?" ಎಂದು ನೀಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗಂಟು ಐತ್ರಿ. ಕೈ ಹಿಡಿದು ನೋಡಿ ಕೊಡು ಅಂತ ಅಕ್ಕ ಹೇಳಿ ಹೋಗ್ಯಾಳ. ನಾಕಕ್ಕ ಒಂದು ತಪ್ಪಬೇಕು. ತರ್ರಿ ಕೈ." ಬಹಳ ಹೊತ್ತು ನನ್ನ ಮಣಿಕಟ್ಟು ಹಿಡಿದು ಕೂತಳು. ಆಮೇಲೆ ಕೈ ಬಿಟ್ಟಳು. "ಗಡಿಯಾರದಂಗ ಹೊಡೀತೈತಿ. ಒಂದೂ ತಪ್ಪವಲ್ದು. ನೀವಲ್ಲ ಬಿಡ್ರಿ."

ಯಂತ್ರ ಕೂರಿಸಿದ್ದಾರೆ ಎಂದು ಅದಿತಿ ಹಿಂದಿಯಲ್ಲಿ ಹೇಳಿದಳು. "ಹಂಗಂತ ಯಾರ್ ಬೇಕಾದ್ರೂ ಹೇಳಬಹುದವ್ವಾ" ಎಂದಳು ನೀಲವ್ವ. ನಾನು ಆ ಮನೆಯವನೆಂದು ತೋರಿಸಲು ನನ್ನ ಬಳಿ ಉಳಿದಿದ್ದುದು ಒಂದೇ. ಆ ದಿನ ಗೇಟಿನಲ್ಲಿ ಅರಚಿದ ಅಷ್ಟೂ ಮಾತನ್ನು, ಆ ಹಿಂದಿಯಲ್ಲೇ, ಮೊಮ್ಮಗಳ ಮುಂದೆ ಒಂದೊಂದಾಗಿ ಹೇಳಿದೆ.

ನೀಲವ್ವ ಮುಂದಕ್ಕೆ ಬಾಗಿ ನನ್ನ ಮುಖವನ್ನೇ ನೋಡಿದಳು. "ಹೌದು, ನೀವ ಅವ್ರು" ಎಂದಳು. "ರಸ್ತೆ ಆಚೆ ನಾನೂ ನಿಂತಿದ್ದೆ ಅಣ್ಣಾರ. ನಿಮಗ ಒಗೀಬೇಕಂತ ಕಲ್ಲು ತಗೊಂಡಿದ್ದೆ. ಬ್ಯಾಡ ಬಿಡು, ಸಣ್ಣಾವ ಅದಾನ ಅಂತ ಅಕ್ಕ ಕೈ ಹಿಡಿದ್ಳು. ಕಣ್ಣಿಲ್ಲದಾಕಿ ಮ್ಯಾಲೆ ಹಂಗ ಚೀರ್ತಾರೇನ್ರಿ?"

"ಕಣ್ಣಿಲ್ಲದವಳೇ?" ಎಂದೆ.

"ಸಣ್ಣಾಕಿದ್ದಾಗ ಸಿಡುಬಿನಾಗ ಹೋಗಿದ್ವು. ಎರಡೂ."

ಮಿಕ್ಕದ್ದನ್ನೆಲ್ಲ ಅವಳೇ ಹೇಳಿದಳು. ಡಾಕ್ಟರು ಆಫ್ರಿಕಾದಿಂದ ವಾಪಸು ಬಂದವರು ಬರಿಗೈಯಲ್ಲಿ ಊರಿಗೆ ಹೋಗಲು ನಾಚಿ, ಇಲ್ಲೇ ಇಳಿದು ಚಾಳಿನ ಜನಕ್ಕೆ ಔಷಧ ಕೊಡುತ್ತ ಉಳಿದರು. ಮುಂದಿನ ವರ್ಷ ಊರಿಗೆ ಹೋಗುತ್ತೇನೆ ಎಂದು ಪ್ರತಿ ವರ್ಷವೂ ಹೇಳುತ್ತಿದ್ದರಂತೆ. ಅನಾಥೆಯಾಗಿದ್ದ ಆ ಕುರುಡು ಹುಡುಗಿಯನ್ನು ಮಗಳಂತೆ ಸಾಕಿ, ತಮ್ಮ ಭಾಷೆ ಕಲಿಸಿ, ನಾಡಿ ನೋಡುವುದನ್ನು ಕಲಿಸಿದರು. ಬಾಟಲಿಯ ಬಿರಡೆಗೆ ಚಾಕುವಿನಿಂದ ಕಚ್ಚು ಹಾಕಿ, ಜ್ವರದ್ದಕ್ಕೆ ಒಂದು, ಕೆಮ್ಮಿನದ್ದಕ್ಕೆ ಎರಡು ಎಂದು ಬೆರಳಿಗೆ ತಿಳಿಯುವ ಹಾಗೆ ಗುರುತು ಇಟ್ಟಿದ್ದರು. ನಾನು ಕಣ್ಣಿದ್ದವರಿಗೆ ಲೇಬಲ್ ಅಂಟಿಸುತ್ತಿದ್ದ ಕಾಲದಲ್ಲೇ, ಅಲ್ಲಿಂದ ಹದಿನೈದು ನಿಮಿಷದ ದಾರಿಯಲ್ಲಿ, ಈ ಲೇಬಲ್ಲೂ ಇತ್ತು.

"ಅವತ್ತು ಔಷಧದ ವಾಸನಿ ಬರೂ ಗೇಟಿಗೆ ಕರ್ಕೊಂಡ ಹೋಗು ಅಂದ್ಳು" ಎಂದಳು ನೀಲವ್ವ. "ಯಾರನ್ನ ಹುಡುಕ್ತಿ ಅಂದ್ರ, ಬರ್ತಾನ ತಡಿ ಅಂದ್ಳು. ಗೇಟು ತೆಗೀತು. ನನ್ನ ಕೈ ಬಿಟ್ಟು ನೆಟ್ಟಗ ಹೋದ್ಳು. ರಸ್ತಾ ದಾಟೂಮುಂದ ಯಾವಾಗ್ಲೂ ನನ್ನ ಕೈ ಬೇಕಿತ್ರಿ ಆಕಿಗಿ. ಅವತ್ತೊಂದ ದಿನ ಬೇಡಾತು."

ಆ ಘಟನೆಯ ನಂತರ ಅವಳು ಹನ್ನೊಂದು ವರ್ಷ ಬದುಕಿದ್ದಳು. ಅಷ್ಟೂ ಕಾಲ ನಾನು ಆ ಕಾರ್ಖಾನೆಯಲ್ಲೇ ಇದ್ದೆ. ಸಾಯುವ ಮೊದಲು ಗಂಟನ್ನು ನೀಲವ್ವನ ಕೈಗೆ ಕೊಟ್ಟು, ಬಂದೇ ಬರುತ್ತಾನೆ ಎಂದಳಂತೆ. "ಎಷ್ಟು ತಡಾ ಮಾಡಿದ್ರಿ! ಮೂರು ಸಲ ಮನಿ ಸೋರಿದ್ರೂ ಗಂಟು ತೋಯಿಸಿಲ್ಲ ನಾನು" ಎಂದು ನೀಲವ್ವ ಅದನ್ನು ನನ್ನ ಮಡಿಲಲ್ಲಿಟ್ಟಳು.

ಗಂಟಿನಲ್ಲಿ ಕಚ್ಚಿನ ಗುರುತಿನ ಎರಡು ಬಿರಡೆ, ಊರಿಗೆ ಬರೆದು ಅಂಚೆಗೆ ಹಾಕದ ಕಾಗದಗಳು, ಒಂದು ನೋಟ್‌ಪುಸ್ತಕ ಇದ್ದವು. ಪುಸ್ತಕದಲ್ಲಿ ಡಾಕ್ಟ್ರಜ್ಜ ತಮ್ಮ ನಾಡಿಯ ವಿಷಯ ತಾವೇ ಬರೆದಿದ್ದರು. ನಾಲ್ಕಕ್ಕೆ ಒಂದು ತಪ್ಪುತ್ತದೆ, ತಾಯಿಗೂ ಹೀಗೇ ಇತ್ತು, ತಂಗಿಗೂ ಇದೆ, ಅವಳ ಮಕ್ಕಳನ್ನು ಪರೀಕ್ಷಿಸಬೇಕು, ಮುಂದಿನ ವರ್ಷ ಊರಿಗೆ ಹೋದಾಗ. ಅದನ್ನು ಓದಿದ ನನ್ನ ಡಾಕ್ಟರು ಕೂಡಲೇ ಮಗನನ್ನು ಕರೆಸಿದರು. ಅವನಿಗೂ ಅದೇ ಇತ್ತು, ಆದರೆ ಇನ್ನೂ ಶುರು. ಸಮಯಕ್ಕೆ ಗೊತ್ತಾಯಿತು. ಅವನು ಇವತ್ತೂ ಬೆಳಿಗ್ಗೆ ಎಂಟರ ಲೋಕಲ್ ಹಿಡಿದು ಕೆಲಸಕ್ಕೆ ಹೋಗಿದ್ದಾನೆ. ನಾನು ಬೀದಿಗೆ ಬಿಸಾಡು ಎಂದ ಗಂಟು ನನ್ನ ಮಗನನ್ನು ಉಳಿಸಿತು. ಎಷ್ಟು ಜನಕ್ಕೆ ಕೈ ಮುಗಿಯಲಿ? ಕಲ್ಲು ಕೆಳಗೆ ಹಾಕಿ ಗಂಟು ಕಾಯ್ದ ನೀಲವ್ವನಿಗೆ, ನನ್ನನ್ನು ಎಳೆದುಕೊಂಡು ಹೋದ ಮೊಮ್ಮಗಳಿಗೆ, ಅಂಧೇರಿಯ ಮೆಟ್ಟಿಲಲ್ಲಿ ಎತ್ತಿದ ಆ ಕೈಗಳಿಗೆ.

ಕಣ್ಣಿಲ್ಲದ ಆ ಹೆಂಗಸು ನನ್ನನ್ನು ಹೇಗೆ ಕಂಡುಹಿಡಿದಳು ಎಂಬುದು ಮಾತ್ರ ಇವತ್ತಿಗೂ ತಿಳಿಯದು. ಅಜ್ಜನಿಗೆ ನಾನು ಅಲ್ಲಿರುವುದು ಹೇಗೋ ಗೊತ್ತಿದ್ದು ಅವಳಿಗೆ ಹೇಳಿರಬಹುದು ಎಂದುಕೊಂಡೆ. ಹಾಗಿದ್ದರೆ ಅವರೇ ಯಾಕೆ ಬರಲಿಲ್ಲ? ನಡಿಗೆಯ ಸದ್ದು ಅಜ್ಜನದರ ಹಾಗೆ ಇತ್ತೇನೋ ಎಂದುಕೊಂಡೆ. ಅರವತ್ತು ಜನರ ಚಪ್ಪಲಿಯ ಸದ್ದಿನಲ್ಲಿ ಅದು ಹೇಗೆ ಕೇಳುತ್ತದೆ? ನಾನಾಗ ಮಾತೂ ಆಡಿರಲಿಲ್ಲ. ನಾಡಿ ಹಿಡಿದದ್ದು ನನ್ನ ಮುಂದೆ ಬಂದು ನಿಂತ ಮೇಲೆ. ಅವಳು ಬಂದದ್ದು ಹೇಗೆ? ಗೋದಾಮಿನ ದೆವ್ವಕ್ಕೆ ನಕ್ಕವನು ಈಗ ನಗುವುದಿಲ್ಲ, ಅಷ್ಟೇ. ಈಗ ನನ್ನ ನಾಡಿ ತಪ್ಪುವುದಿಲ್ಲ. ಅವಳು ಬಂದು ಮೂರು ಬೆರಳಿಟ್ಟರೂ ಇವನಲ್ಲ ಎಂದು ಹೋಗಿಬಿಡಬಹುದು ಎಂಬ ಹೆದರಿಕೆ ನನಗೆ ಆಗಾಗ ಆಗುತ್ತದೆ.

ಗಂಟು ಸಿಕ್ಕ ವರ್ಷ ಹಿರಿಯರಿಗೆ ಬಡಿಸುವಾಗ ಅಮ್ಮನ ಎಲೆಯ ಪಕ್ಕದಲ್ಲಿ ಡಾಕ್ಟ್ರಜ್ಜನ ಎಲೆ ಹಾಕಿದೆ. ಅದರ ಪಕ್ಕದಲ್ಲಿ ಇನ್ನೊಂದು. "ಅದು ಯಾರಿಗೆ ಅಜ್ಜ?" ಎಂದು ಅದಿತಿ ಕೇಳಿದಳು. ಹೆಸರು ಹೇಳಿ ಕರೆಯದೆ ಯಾರೂ ಬರುವುದಿಲ್ಲ ಎಂಬುದು ನಮ್ಮ ಕ್ರಮ. ಗೇಟಿನಲ್ಲಿ ನಿಂತಿದ್ದಾಗ ನಾನು ಅವಳ ಹೆಸರನ್ನೂ ಕೇಳಿರಲಿಲ್ಲ, ನೀಲವ್ವ ಹೇಳಿದ ಮೇಲೇ ಗೊತ್ತಾದದ್ದು. ಬಾಗಿಲು ಎಳೆಯುವ ಮುಂಚೆ, ಎಲ್ಲರಿಗೂ ಕೇಳುವ ಹಾಗೆ ಕೂಗಿ ಕರೆದೆ. ಚಂದ್ರಭಾಗಾ.